ಹಾಡು ಒಂದ್ಕಡೆ, ಎಕೋ ಇನ್ನೊಂದ್ಕಡೆ ಆಗ್ತಿದ್ಯಾ? ಡಿಜೆ ಮಿಕ್ಸರ್‌ನಲ್ಲಿ ಎಫೆಕ್ಟ್ ಟೆಂಪೊ ಹೊಂದಿಸೋದು ಹೀಗೆ

ಗಣೇಶ ವಿಸರ್ಜನೆ ಇರಲಿ, ಮದುವೆ ಇರಲಿ, ಹೊಸ ಅಂಗಡಿ ಓಪನಿಂಗ್ ಇರಲಿ, ಈಗ ಡಿಜೆ ಇಲ್ಲದೆ ಕಾರ್ಯಕ್ರಮ ಆಗೋದೇ ಕಡಿಮೆ. ಕುಣಿತ ಜೋರಾದಾಗ ಆಪರೇಟರ್ ಎಕೋ ಹಾಕ್ತಾರೆ. ಕೆಲವು ಸಲ ಅದು ಹಾಡಿನ ತಾಳಕ್ಕೆ ಸರಿಯಾಗಿ ಸೇರಿ ಹುಡುಗರು ಇನ್ನಷ್ಟು ಕುಣೀತಾರೆ. ಕೆಲವು ಸಲ ತಾಳ ಒಂದ್ಕಡೆ, ಪ್ರತಿಧ್ವನಿ ಒಂದ್ಕಡೆ ಆಗಿ ಕುಣಿಯೋರ ಹೆಜ್ಜೆ ತಪ್ಪುತ್ತೆ. ಆಗ ಹೆಚ್ಚಿನವರು ಸ್ಪೀಕರ್ ಸರಿಯಿಲ್ಲ ಅಂದ್ಕೊಳ್ತಾರೆ. ಆದರೆ ಬಹಳಷ್ಟು ಸಲ ಕಾರಣ ಸ್ಪೀಕರ್ ಅಲ್ಲ, ಮಿಕ್ಸರ್‌ನಲ್ಲಿ ಎಫೆಕ್ಟ್‌ನ ಟೆಂಪೊ ಹಾಡಿಗೆ ಹೊಂದಿಲ್ಲದೇ ಇರೋದು. ಇದನ್ನು ಸರಿಮಾಡೋಕೆ ಹೊಸ ಸಾಮಾನು ಕೊಳ್ಳಬೇಕಿಲ್ಲ.

ಬಿಪಿಎಂ ಲೆಕ್ಕ ಇಷ್ಟೇ

ಒಂದು ನಿಮಿಷಕ್ಕೆ ಹಾಡಿನಲ್ಲಿ ಎಷ್ಟು ತಾಳ ಬೀಳುತ್ತೆ ಅನ್ನೋದೇ ಬಿಪಿಎಂ. ಒಂದು ನಿಮಿಷ ಅಂದ್ರೆ 60,000 ಮಿಲಿಸೆಕೆಂಡ್. ಅದನ್ನು ಬಿಪಿಎಂನಿಂದ ಭಾಗಿಸಿದರೆ ಒಂದು ತಾಳದಿಂದ ಇನ್ನೊಂದು ತಾಳಕ್ಕೆ ಇರುವ ಅಂತರ ಸಿಗುತ್ತೆ. 100 ಬಿಪಿಎಂ ಹಾಡಿಗೆ 600 ಮಿಲಿಸೆಕೆಂಡ್, 120ಕ್ಕೆ 500, 128ಕ್ಕೆ ಸುಮಾರು 469.

ಎಕೋ ಅಂದ್ರೆ ಅದೇ ದನಿಯನ್ನು ಸ್ವಲ್ಪ ತಡಮಾಡಿ ಮತ್ತೆ ಮತ್ತೆ ಕೇಳಿಸೋದು. ಆ ತಡ ತಾಳದ ಅಂತರಕ್ಕೆ ಸರಿಹೊಂದಿದರೆ ಕಿವಿಗೆ ಹಿತ. ಮಿಕ್ಸರ್‌ನಲ್ಲಿ ಕಾಣುವ 1/4, 1/2, 3/4, 1 ಅನ್ನೋವು ತಾಳದ ಭಾಗಗಳು. 100 ಬಿಪಿಎಂನಲ್ಲಿ 1/2 ಒತ್ತಿದರೆ 300 ಮಿಲಿಸೆಕೆಂಡ್, 3/4 ಒತ್ತಿದರೆ 450.

ಚಿಕ್ಕ ವ್ಯತ್ಯಾಸ ಬೆಳೀತಾ ಹೋಗುತ್ತೆ

ಬಹಳ ಆಪರೇಟರ್‌ಗಳು ಹಾಡುಗಳ ಬಿಪಿಎಂ ಬರೆದಿಟ್ಟುಕೊಂಡಿರ್ತಾರೆ. ಒಳ್ಳೆ ಅಭ್ಯಾಸವೇ. ಆದರೆ ಹಾಡಿನ ವೇಗವನ್ನು ಸ್ಲೈಡರ್‌ನಲ್ಲಿ ಏರಿಸಿದ ಮೇಲೆ ಆ ನಂಬರ್ ಕೆಲಸಕ್ಕೆ ಬರಲ್ಲ. 100 ಬಿಪಿಎಂ ಹಾಡನ್ನು 4 ಪರ್ಸೆಂಟ್ ಏರಿಸಿದರೆ ಅದು 104 ಆಯ್ತು. ತಾಳದ ಅಂತರ 577 ಮಿಲಿಸೆಕೆಂಡ್‌ಗೆ ಇಳೀತು. ಎಫೆಕ್ಟ್ ಮಾತ್ರ ಇನ್ನೂ 600ರಲ್ಲೇ ಕೂತಿರುತ್ತೆ.

ಮೊದಲ ಪ್ರತಿಧ್ವನಿ 23 ಮಿಲಿಸೆಕೆಂಡ್ ತಡ, ಅದು ಅಷ್ಟಾಗಿ ಗೊತ್ತಾಗಲ್ಲ. ನಾಲ್ಕನೇದಕ್ಕೆ 92, ಎಂಟನೇದಕ್ಕೆ ಸುಮಾರು 185. ಅಷ್ಟರಲ್ಲಿ ಯಾರ ಕಿವಿಗಾದರೂ ತಾಳ ತಪ್ಪಿದ್ದು ಕೇಳುತ್ತೆ. ಅದಕ್ಕೇ ನೆನಪಿಡಬೇಕಾದ ಮಾತು ಒಂದೇ: ಎಫೆಕ್ಟ್ ಹೊಂದಬೇಕಾದ್ದು ಫೈಲ್ ಮೇಲೆ ಬರೆದ ಬಿಪಿಎಂಗಲ್ಲ, ಈ ಗಳಿಗೆಯಲ್ಲಿ ಸ್ಪೀಕರ್‌ನಿಂದ ಬರ್ತಿರೋ ವೇಗಕ್ಕೆ.

ಆಟೋ ಯಾವಾಗ, ಟ್ಯಾಪ್ ಯಾವಾಗ?

ಪಯೋನಿಯರ್‌ನ ಡಿಜೆಎಂ ಸರಣಿಯಂಥ ಡಿಜಿಟಲ್ ಮಿಕ್ಸರ್‌ಗಳಲ್ಲಿ ಎರಡು ದಾರಿ ಇವೆ. ಆಟೋದಲ್ಲಿಟ್ಟರೆ ಮಿಕ್ಸರ್ ತಾನೇ ಹಾಡು ಕೇಳಿ ಬಿಪಿಎಂ ಅಳೆಯುತ್ತೆ. ಡ್ರಮ್ ಸ್ಪಷ್ಟವಾಗಿರುವ, ಕಂಪ್ಯೂಟರ್‌ನಲ್ಲಿ ಮಾಡಿದ ರೀಮಿಕ್ಸ್‌ಗಳಿಗೆ ಇದು ಸಾಕು. ಸ್ಲೈಡರ್ ಏರಿಸಿದರೂ ಅದು ಹಿಂಬಾಲಿಸುತ್ತೆ. ಡಿಜೆಎಂ-900 ನೆಕ್ಸಸ್‌ನಲ್ಲಿ ಈ ಅಳತೆ 70ರಿಂದ 180 ಬಿಪಿಎಂವರೆಗೆ. ಅಳೆಯೋಕೆ ಆಗದಿದ್ದರೆ ನಂಬರ್ ಮಿನುಗುತ್ತೆ. ಆಗ ಟ್ಯಾಪ್ ಬಟನ್‌ಗೆ ಹೋಗಬೇಕು.

ಹಳೆಯ ಚಿತ್ರಗೀತೆಗಳಿಗೂ ಟ್ಯಾಪ್ ಒಳ್ಳೇದು. ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ ಹಾಡುಗಳಲ್ಲಿ ವೇಗ ಪಲ್ಲವಿಗೂ ಚರಣಕ್ಕೂ ಸ್ವಲ್ಪ ಹೆಚ್ಚುಕಡಿಮೆ ಆಗ್ತಿರುತ್ತೆ.

ಟ್ಯಾಪ್ ಮಾಡುವ ಕ್ರಮ:

1. ಮೊದಲು ಬಾಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಣಿಸಿ. ತಾಳ ಕೂತ ಮೇಲೆ ಬಟನ್ ಮುಟ್ಟಿ.
2. ಎರಡು ಏಟಿಗೆ ನಿಲ್ಲಿಸಬೇಡಿ. ಕನಿಷ್ಠ 4, ಆದರೆ 8 ಸಲ ತಟ್ಟಿ.
3. ದೂರದ ಸ್ಪೀಕರ್ ಕೇಳಿ ತಟ್ಟಬೇಡಿ. ದನಿ 34 ಮೀಟರ್ ಬರೋಕೆ ಸುಮಾರು 100 ಮಿಲಿಸೆಕೆಂಡ್ ಬೇಕು. ಎಕೋಗೆ ಅಷ್ಟು ತೊಂದರೆ ಇಲ್ಲ, ಆದರೆ ದನಿಯನ್ನು ತುಂಡು ತುಂಡು ಮಾಡುವ ಟ್ರಾನ್ಸ್‌ನಂಥ ಎಫೆಕ್ಟ್ ತಡವಾಗಿ ಬೀಳಬಹುದು. ಹೆಡ್‌ಫೋನ್ ಹಾಕ್ಕೊಂಡು ತಟ್ಟಿ.
4. ಎಫೆಕ್ಟ್‌ನ ಲೆವೆಲ್ ಕಡಿಮೆ ಇಟ್ಟು ಆನ್ ಮಾಡಿ. ಮೂರ್ನಾಲ್ಕು ತಾಳ ಕೇಳಿ, ಸರಿ ಅನಿಸಿದರೆ ಮಾತ್ರ ಏರಿಸಿ.

ತಮಟೆ ಏಟಿನ ಹಾಡಿಗೆ ಬೇರೆ ಲೆಕ್ಕ

ನಮ್ಮ ಕಡೆ ಹೆಚ್ಚು ಎಡವೋದು ಇಲ್ಲೇ. ರೀಮಿಕ್ಸ್‌ಗಳಲ್ಲಿ ಒಂದು ಹೆಜ್ಜೆಯೊಳಗೆ ‘ತಕಧಿಮಿ’ ಅಂತ ನಾಲ್ಕು ಪಾಲು ಕೂರುತ್ತೆ. ತಮಟೆ ಏಟಿನ ಹಲವು ಹಾಡುಗಳಲ್ಲಿ ಕೂರೋದು ‘ತಕಿಟ’ ಅಂತ ಮೂರು ಪಾಲು. ಇಂಥ ಹಾಡಲ್ಲಿ ಆಟೋ ಗೊಂದಲಕ್ಕೆ ಬಿದ್ದು ಒಂದೂವರೆ ಪಟ್ಟು ತೋರಿಸಬಹುದು. ಜನ ಕುಣೀತಿರೋದು 100ಕ್ಕೆ, ಮಿಕ್ಸರ್ ತೋರಿಸೋದು 150. ಆಗ ಎಕೋ 400 ಮಿಲಿಸೆಕೆಂಡ್‌ಗೆ ಬಂದು, ಮೂರರಲ್ಲಿ ಒಂದು ಪ್ರತಿಧ್ವನಿ ಮಾತ್ರ ಹೆಜ್ಜೆಗೆ ಸರಿಯಾಗಿ ಬೀಳುತ್ತೆ.

ನಂಬರ್ 200 ಅಥವಾ 50 ಅಂತ ಬಂದರೆ ಚಿಂತೆ ಇಲ್ಲ, ಅದು ದುಪ್ಪಟ್ಟು ಅಥವಾ ಅರ್ಧ ಅಷ್ಟೇ; ಭಾಗ ಬದಲಿಸಿದರೆ ಸರಿಹೋಗುತ್ತೆ. ಒಂದೂವರೆ ಪಟ್ಟು ಬಂದರೆ ಆಟೋ ಬಿಟ್ಟು, ಕುಣಿಯೋರ ಕಾಲು ನೋಡಿ ಟ್ಯಾಪ್ ಮಾಡಿ. ಆಮೇಲೂ 1/2 ಒತ್ತಬೇಡಿ. 300 ಮಿಲಿಸೆಕೆಂಡ್ ಅನ್ನೋದು ಮೂರು ಪಾಲಿನ ಮಧ್ಯೆ ಬಂದು ಕಿರಿಕಿರಿ ಮಾಡುತ್ತೆ. 1 ಇಟ್ಟುಕೊಳ್ಳಿ. ವೇಗದ ಎಕೋ ಬೇಕೇ ಬೇಕು ಅಂದ್ರೆ ಟೈಮ್ ಗುಂಡಿ ತಿರುಗಿಸಿ 600ರ ಮೂರನೇ ಒಂದು ಪಾಲು, ಅಂದ್ರೆ 200 ಮಿಲಿಸೆಕೆಂಡ್‌ಗೆ ತನ್ನಿ.

ಎಫೆಕ್ಟ್ ಯಾವ ಚಾನೆಲ್‌ಗೆ?

ಟೆಂಪೊ ಸರಿಯಿದ್ದರೂ ಚಾನೆಲ್ ತಪ್ಪಿದರೆ ಕಷ್ಟ. ಎರಡು ಹಾಡು ಒಟ್ಟಿಗೆ ಓಡುವಾಗ ಎಫೆಕ್ಟ್ ಮಾಸ್ಟರ್ ಮೇಲಿದ್ದರೆ ಎಕೋ ಎರಡರ ಮೇಲೂ ಬೀಳುತ್ತೆ, ಆದರೆ ಹೊಂದೋದು ಒಂದಕ್ಕೇ. ಹೊರಗೆ ಹೋಗುವ ಹಾಡಿನ ಚಾನೆಲ್ ಆರಿಸಿ, ಅದರ ವೇಗಕ್ಕೆ ಎಕೋ ಹೊಂದಿಸಿ, ಫೇಡರ್ ಇಳಿಸಿ. ಎಕೋದ ಬಾಲ ಮುಗಿದ ಮೇಲೆ ಹೊಸ ಹಾಡಿನ ಬಿಪಿಎಂಗೆ ಬನ್ನಿ.

ಮೈಕ್ ವಿಷಯ ಇನ್ನೂ ಮುಖ್ಯ. ಮಾಸ್ಟರ್ ಮೇಲೆ ಎಕೋ ಬಿಟ್ಟು ಮೈಕ್ ಹಿಡಿದರೆ ಮಾತಿನ ಮೇಲೆ ಮಾತು ಬೀಳುತ್ತೆ. ಅಂಗಡಿ ಹೆಸರು, ಆಫರ್ ರೇಟು ಯಾರಿಗೂ ತಿಳಿಯಲ್ಲ. ಮೆರವಣಿಗೆಯಲ್ಲಿ ಮಗು ತಪ್ಪಿಸಿಕೊಂಡಾಗ, ಆಂಬುಲೆನ್ಸ್‌ಗೆ ದಾರಿ ಬಿಡಿ ಅಂತ ಕೂಗುವಾಗ ಇದು ತಮಾಷೆಯ ಮಾತಲ್ಲ. ಮೈಕ್ ಎತ್ತುವ ಮೊದಲು ಎಫೆಕ್ಟ್ ಆಫ್ ಮಾಡೋದು ಅಭ್ಯಾಸ ಆಗಬೇಕು.

ಬುಕ್ ಮಾಡುವವರು ಏನು ಕೇಳಬೇಕು?

ಸ್ಪೀಕರ್ ಎಷ್ಟು, ಬೇಸ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಅಡ್ವಾನ್ಸ್ ಕೊಡುವ ಮೊದಲು ಐದು ನಿಮಿಷ ನಿಂತು ಮೂರು ವಿಷಯ ನೋಡಿ. ಒಂದು ರೀಮಿಕ್ಸ್‌ಗೆ, ಒಂದು ತಮಟೆ ಹಾಡಿಗೆ ಎಕೋ ಹಾಕಿಸಿ, ನೀವೇ ಚಪ್ಪಾಳೆ ತಟ್ಟಿ. ಚಪ್ಪಾಳೆಗೆ ಎಕೋ ಸೇರ್ತಿದ್ದರೆ ಆಪರೇಟರ್‌ಗೆ ಕೆಲಸ ಗೊತ್ತು. ವೇಗ ಸ್ವಲ್ಪ ಏರಿಸಿ ಮತ್ತೆ ಹಾಕೋಕೆ ಹೇಳಿ. ಕೊನೆಗೆ ಮೈಕ್‌ನಲ್ಲಿ ನಿಮ್ಮ ಅಂಗಡಿ ಹೆಸರು ಹೇಳಿಸಿ, ರಸ್ತೆಯ ಆಚೆ ಬದಿಗೆ ನಿಂತು ಕೇಳಿ.

ಇನ್ನೊಂದು ಮಾತು. ಎಕೋದ ಫೀಡ್‌ಬ್ಯಾಕ್ ಏರಿಸಿದಷ್ಟೂ ಸದ್ದು ಒಂದರ ಮೇಲೊಂದು ಸೇರಿ ಒಟ್ಟು ಶಬ್ದವೂ ಏರುತ್ತೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಹಗಲಿನ ಮಿತಿ ವಾಣಿಜ್ಯ ಪ್ರದೇಶದಲ್ಲಿ 65 ಡೆಸಿಬೆಲ್, ವಸತಿ ಪ್ರದೇಶದಲ್ಲಿ 55. ಬಯಲಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಸರ್ಕಾರ ವಿಶೇಷ ವಿನಾಯಿತಿ ಕೊಟ್ಟ ದಿನಗಳನ್ನು ಬಿಟ್ಟರೆ, ಧ್ವನಿವರ್ಧಕ ಹಾಕುವಂತಿಲ್ಲ. ತಾಳಕ್ಕೆ ಸರಿಯಾಗಿ ಬಿದ್ದ ಎಕೋ ಕಡಿಮೆ ವಾಲ್ಯೂಮ್‌ನಲ್ಲೂ ಕುಣಿಸುತ್ತೆ.