ಯಂತ್ರ ಬರೆಯಿತು, ಹೆಸರು ಯಾರದು?

"ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಎಂಬುದು ನಮ್ಮ ಹಿರಿಯರ ಗಾದೆ. ಕಣ್ಣಾರೆ ಕಂಡದ್ದನ್ನೇ ಪರೀಕ್ಷಿಸಬೇಕೆಂದ ಮೇಲೆ, ಮೊಬೈಲಿನ ಪರದೆಯ ಮೇಲೆ ಕ್ಷಣಾರ್ಧದಲ್ಲಿ ಮೂಡುವ ಉತ್ತರವನ್ನು ಇನ್ನೆಷ್ಟು ಪರೀಕ್ಷಿಸಬೇಕು? 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಸಾಧನ ಸಾರ್ವಜನಿಕರ ಕೈಗೆ ಬಂದಿತು. ಅನಂತರ ಜೆಮಿನಿ, ಕ್ಲಾಡ್ ಮುಂತಾಗಿ ಅದರ ಬಳಗ ಬೆಳೆಯಿತು. ಇಂದು ನಾಸಿಕ, ಸಂಭಾಜಿನಗರಗಳ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳಲ್ಲಿ ಇದನ್ನು ಒಮ್ಮೆಯೂ ಮುಟ್ಟದವರು ಸಿಗುವುದು ಕಷ್ಟ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆ ಬೆಳೆದ ನಿಮಗೆ, ಎಲ್ಲ ಭಾಷೆಯಲ್ಲೂ ಬರೆದುಕೊಡುವ ಯಂತ್ರ ವರದಾನದಂತೆ ಕಂಡರೆ ಆಶ್ಚರ್ಯವಿಲ್ಲ. ಆದ್ದರಿಂದ, ಯುವಮಿತ್ರರೇ, ನನ್ನನ್ನು ಕಾಕು ಎಂದು ಕರೆಯುವ ಸಲುಗೆ ನಿಮಗಿರುವಂತೆ, ನಾಲ್ಕು ಮಾತು ಹೇಳುವ ಸಲುಗೆಯನ್ನು ನಾನೂ ತೆಗೆದುಕೊಳ್ಳುತ್ತೇನೆ.

ಗೈಡಿಗೂ ಯಂತ್ರಕ್ಕೂ ಇರುವ ಅಂತರ

ನಾವು ಬಿ.ಎ. ಓದುವಾಗಲೂ ಅಡ್ಡದಾರಿಗಳಿದ್ದವು. ಷೇಕ್ಸ್‌ಪಿಯರನ ನಾಟಕವನ್ನು ಒಂದು ಪುಟವೂ ಓದದೆ, ಗೈಡಿನ ಸಾರಾಂಶ ಬಾಯಿಪಾಠ ಮಾಡಿ ಪಾಸಾದವರನ್ನು ನಾನು ಬಲ್ಲೆ. ಆದರೆ ಗೈಡಿನ ಮೇಲೆ ಒಬ್ಬ ಲೇಖಕನ ಹೆಸರು, ಒಬ್ಬ ಪ್ರಕಾಶಕನ ವಿಳಾಸ ಇರುತ್ತಿತ್ತು. ತಪ್ಪಿದ್ದರೆ ಹಿಡಿದು ಕೇಳಲು ಯಾರೋ ಒಬ್ಬರಿದ್ದರು. ಈ ಯಂತ್ರದ ಬರಹಕ್ಕೆ ರುಜು ಹಾಕಿದವರು ಯಾರೂ ಇಲ್ಲ. ಅದು ಕೋಟ್ಯಂತರ ಪುಟಗಳಿಂದ ಮಾತಿನ ರೂಢಿಯನ್ನು ಕಲಿತು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕುತ್ತ ವಾಕ್ಯ ಕಟ್ಟುತ್ತದೆ. ಸರಾಗವಾಗಿ ಬರೆಯುವುದು ಅದಕ್ಕೆ ಗೊತ್ತು. ಬರೆದದ್ದು ನಿಜವೇ ಎಂಬ ಖಾತರಿ ಅದರಲ್ಲಿಲ್ಲ. ಆದ್ದರಿಂದಲೇ ಸುಳ್ಳನ್ನೂ ಅದು ಸತ್ಯದಷ್ಟೇ ಧೈರ್ಯದಿಂದ ಹೇಳುತ್ತದೆ.

ನಮ್ಮ ಲಾಸಲಗಾಂವಿನ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿಯ ಲಿಲಾವು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ರ್ಯಾಕ್ಟರಿನ ಮೇಲ್ಭಾಗದಲ್ಲಿ ಕಾಣುವ ಕೆಂಪು ಗಡ್ಡೆಗಳನ್ನಷ್ಟೇ ನೋಡಿ ಬುದ್ಧಿವಂತ ವ್ಯಾಪಾರಿ ಬೆಲೆ ಕೂಗುವುದಿಲ್ಲ. ಒಳಗೆ ಕೈ ಹಾಕುತ್ತಾನೆ, ಒತ್ತಿ ನೋಡುತ್ತಾನೆ. ವಿದ್ಯಾರ್ಥಿಯೂ ಯಂತ್ರದ ಉತ್ತರದೊಳಗೆ ಹಾಗೆ ಕೈ ಹಾಕಬೇಕು.

ನ್ಯಾಯಾಲಯಗಳಿಂದ ಬಂದ ಪಾಠ

2023ರ ಜೂನ್‌ನಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ಅವರು ಚಾಟ್‌ಜಿಪಿಟಿಯಿಂದ ಪಡೆದು ಸಲ್ಲಿಸಿದ ಹಳೆಯ ತೀರ್ಪುಗಳಲ್ಲಿ ಹಲವು ಎಲ್ಲಿಯೂ ಇರಲೇ ಇಲ್ಲ. ತೀರ್ಪಿನ ಹೆಸರು, ನ್ಯಾಯಾಧೀಶರ ಮಾತು ಎಲ್ಲವನ್ನೂ ಯಂತ್ರ ಹೊಸೆದಿತ್ತು. ದೂರದ ಅಮೆರಿಕದ ಕಥೆ ಎಂದು ಬಿಡುವ ಹಾಗಿಲ್ಲ. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಮುಂದೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆದೇಶವೊಂದು ಬಂದಿತು. ಅದರಲ್ಲಿ ಸುಪ್ರೀಂ ಕೋರ್ಟಿನ ತೀರ್ಪುಗಳೆಂದು ಉಲ್ಲೇಖಿಸಿದವು ಅಸ್ತಿತ್ವದಲ್ಲೇ ಇರಲಿಲ್ಲ. ಅವು ಎಲ್ಲಿಂದ ಬಂದವೆಂಬುದು ಬೇರೆ ಮಾತು. ಆದರೆ ವಿವರಣೆ ಕೊಡಬೇಕಾದ ಹೊಣೆ ಆದೇಶಕ್ಕೆ ಸಹಿ ಮಾಡಿದವರ ಮೇಲೆಯೇ ಬಿದ್ದಿತು. ನಿಮ್ಮ ಪ್ರಾಜೆಕ್ಟ್ ವರದಿಯ ಮೊದಲ ಪುಟದಲ್ಲಿ ಇರುವುದು ಕೂಡ ನಿಮ್ಮ ಸಹಿಯೇ.

ಗೋದಾವರಿ ತೀರದ ಒಂದು ಪ್ರಶ್ನೆ

ಈಗ ನಮಗೇ ಸಂಬಂಧಿಸಿದ ಉದಾಹರಣೆ ನೋಡೋಣ. ನಮ್ಮ ನಿಫಾಡ್ ತಾಲೂಕಿನಲ್ಲಿ ಹರಿಯುವ ಗೋದಾವರಿ ಒಂದು ಕಾಲದಲ್ಲಿ ಕನ್ನಡ ನಾಡಿನ ಎಲ್ಲೆಯಾಗಿತ್ತೆಂದು 9ನೆಯ ಶತಮಾನದ 'ಕವಿರಾಜಮಾರ್ಗ' ಹೇಳುತ್ತದೆ. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಅತ್ಯಂತ ಹಳೆಯದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ್ದು. ಸಂಭಾಜಿನಗರದ ಬಳಿಯ ವೇರೂಳದಲ್ಲಿ ಕೈಲಾಸ ದೇವಾಲಯವನ್ನು ಕಡೆಸಿದ್ದು ಇದೇ ವಂಶದ ಒಂದನೆಯ ಕೃಷ್ಣ. ಅಂದರೆ ನಾವು ಇಲ್ಲಿ ಪೂರಾ ಪರಕೀಯರೇನಲ್ಲ!

'ಕವಿರಾಜಮಾರ್ಗ'ವನ್ನು ಬರೆದವರು ಯಾರು? ಯಂತ್ರ ಒಂದೇ ಸಾಲಿನಲ್ಲಿ ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಇದರ ಹಿಂದೆ ವಿದ್ವಾಂಸರ ದೊಡ್ಡ ಚರ್ಚೆಯೇ ಇದೆ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಕೆ.ಬಿ. ಪಾಠಕ್ ಅವರು 1898ರಲ್ಲಿ ಈ ಗ್ರಂಥವನ್ನು ಸಂಪಾದಿಸಿದಾಗ ನೃಪತುಂಗನ ಕೃತಿಯೆಂದೇ ಕರೆದರು. ದೊರೆಯ ಅನುಮತಿ ಪಡೆದದ್ದು ಎಂಬರ್ಥದ ಮಾತು ಗ್ರಂಥದಲ್ಲೇ ಬರುವುದನ್ನು ಗಮನಿಸಿ, ಬರೆದವನು ಆಸ್ಥಾನದ ಕವಿ ಶ್ರೀವಿಜಯ ಎಂದು ಅನಂತರದ ವಿದ್ವಾಂಸರು ವಾದಿಸಿದರು. ಈ ವಾದ ಪ್ರತಿವಾದಗಳನ್ನು ಓದಿದಾಗಲೇ ಪ್ರಮಾಣ ಎಂದರೇನು, ಊಹೆ ಎಂದರೇನು ಎಂಬುದು ತಿಳಿಯುತ್ತದೆ. ವಿಶ್ವವಿದ್ಯಾಲಯಕ್ಕೆ ನಿಮ್ಮನ್ನು ಕಳಿಸಿದ್ದು ಅದನ್ನು ಕಲಿಯಲಿಕ್ಕೆ. ಹೆಸರನ್ನಷ್ಟೇ ನಕಲು ಮಾಡಿದರೆ ಅಂಕ ಬರಬಹುದು, ವಿದ್ಯೆ ಬರಲಾರದು.

ನಿಯಮ ಏನು ಹೇಳುತ್ತದೆ?

ಪರರ ಬರಹವನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ತೋರಿಸುವುದು ಕೃತಿಚೌರ್ಯ. ಇದರ ಬಗ್ಗೆ ಯು.ಜಿ.ಸಿ. 2018ರಲ್ಲಿ ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಪ್ರಬಂಧದಲ್ಲಿ ಶೇ. 10ರಿಂದ 40ರಷ್ಟು ಹೋಲಿಕೆ ಕಂಡುಬಂದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ. 40ರಿಂದ 60ರಷ್ಟಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು. ಈ ನಿಯಮ ಬಂದಾಗ ಚಾಟ್‌ಜಿಪಿಟಿ ಇನ್ನೂ ಹುಟ್ಟಿರಲಿಲ್ಲ. ಹಾಗೆಂದು "ಯಂತ್ರದ ಹೆಸರು ಅದರಲ್ಲಿಲ್ಲವಲ್ಲ" ಎಂದು ವಾದಿಸುವುದು ಜಾಣತನವಾಗದು. ಎಷ್ಟು ಸಹಾಯ ಪಡೆಯಬಹುದೆಂದು ನಿಮ್ಮ ಪ್ರಾಧ್ಯಾಪಕರನ್ನು ಮೊದಲೇ ಕೇಳಿಕೊಳ್ಳಿ. ಪಡೆದ ಸಹಾಯವನ್ನು ವರದಿಯಲ್ಲಿ ಬರೆಯಿರಿ.

ಇನ್ನೊಂದು ಮಾತು. ಯಂತ್ರದ ಬರಹವನ್ನು ಪತ್ತೆಹಚ್ಚುವ ಸಾಧನಗಳೂ ತಪ್ಪುತ್ತವೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ಪ್ರಾಮಾಣಿಕವಾಗಿ ಬರೆದವರ ಮೇಲೂ ಸಂಶಯ ಬರಬಹುದು. ನಿಮ್ಮ ಟಿಪ್ಪಣಿ, ಕಚ್ಚಾ ಪ್ರತಿ, ಓದಿದ ಪುಸ್ತಕಗಳ ಪಟ್ಟಿ ಇವನ್ನು ಜೋಪಾನವಾಗಿಡಿ. ಪ್ರಶ್ನೆ ಬಂದ ದಿನ ಅವೇ ಸಾಕ್ಷಿ.

ಯಾವುದು ಸರಿ, ಯಾವುದು ಬೇಡ

ಯಂತ್ರವನ್ನು ಮುಟ್ಟಲೇಬಾರದೆಂದು ನಾನು ಹೇಳುವುದಿಲ್ಲ. ಅರ್ಥವಾಗದ ಪಾಠವನ್ನು ಸುಲಭ ಮಾತಿನಲ್ಲಿ ವಿವರಿಸಲು ಕೇಳಿ. ಮೌಖಿಕ ಪರೀಕ್ಷೆಗೆ ಮುನ್ನ ನಿಮ್ಮನ್ನೇ ಪ್ರಶ್ನಿಸಲು ಹೇಳಿ. ನೀವು ಬರೆದ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪು ತೋರಿಸಲು ಹೇಳಿ, ಏಕೆ ತಪ್ಪೆಂದೂ ಕೇಳಿ ಕಲಿಯಿರಿ. ಆದರೆ ಅದು ಕೊಟ್ಟ ಪ್ರತಿಯೊಂದು ಪುಸ್ತಕದ ಹೆಸರು, ಇಸವಿ, ಅಂಕಿಯನ್ನು ಮೂಲದಲ್ಲಿ ನೋಡದೆ ಬಳಸಬೇಡಿ. ಗೆಳೆಯರ ಫೋನ್ ನಂಬರು, ಆಧಾರ್ ವಿವರ, ರೋಗಿಯ ಕಾಗದಪತ್ರ ಇತ್ಯಾದಿಗಳನ್ನು ಅದಕ್ಕೆ ಎಂದೂ ಕೊಡಬೇಡಿ. ಅವನ್ನು ಹಂಚುವ ಹಕ್ಕು ನಿಮ್ಮದಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಸಮೀಕ್ಷೆಯ ಉತ್ತರಗಳನ್ನು ಯಂತ್ರದಿಂದ ಹುಟ್ಟಿಸಬೇಡಿ. ಶೆಡ್ಡಿನಲ್ಲಿ ಕುಳಿತು ದಿನವಿಡೀ ಉಳ್ಳಾಗಡ್ಡಿ ಆರಿಸುವ ಹೆಣ್ಣುಮಗಳ ದಿನಗೂಲಿ ಎಷ್ಟು, ಬೆನ್ನುನೋವು ಎಂಥದು ಎಂಬುದನ್ನು ಅವಳೇ ಹೇಳಬೇಕು. ಇಪ್ಪತ್ತೈದು ಜನರನ್ನು ಭೇಟಿಯಾದಂತೆ ಯಂತ್ರ ಪಟ್ಟಿ ಕೊಟ್ಟೀತು. ಅದನ್ನು ಸಲ್ಲಿಸಿದರೆ ಮೋಸ ಹೋಗುವವರು ಪ್ರಾಧ್ಯಾಪಕರೊಬ್ಬರೇ ಅಲ್ಲ. ಆ ಹೆಣ್ಣುಮಗಳ ಬಾಯಿಯನ್ನೂ ಮುಚ್ಚಿದಂತಾಗುತ್ತದೆ.

ಅಂಕಿತದ ಬೆಲೆ

ನಮ್ಮ ವಚನಕಾರರು ಪ್ರತಿ ವಚನಕ್ಕೂ ಅಂಕಿತ ಇಡುತ್ತಿದ್ದರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ವಿಜಾಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ ಅಲೆದು ತಾಳೆಗರಿಗಳನ್ನು ಕೂಡಿಸಿ, ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಇಂದು ಯಂತ್ರಕ್ಕೆ ಹೇಳಿದರೆ, ಯಾವ ತಾಳೆಗರಿಯಲ್ಲೂ ಇಲ್ಲದ ಸಾಲುಗಳಿಗೆ ಅದೇ ಅಂಕಿತ ಹಚ್ಚಿ ಅರೆಗಳಿಗೆಯಲ್ಲಿ ಕೊಡಬಲ್ಲದು. ರಾಜ್ಯೋತ್ಸವದ ಭಾಷಣದಲ್ಲಿ ನೀವು ಅದನ್ನು ಬಸವಣ್ಣನವರ ವಚನವೆಂದು ಓದಿದರೆ, ಹಳಕಟ್ಟಿಯವರು ಸವೆಸಿದ ಆಯುಷ್ಯಕ್ಕೆ ಬೆಲೆ ಎಲ್ಲಿ ಉಳಿಯಿತು?

ಮಿತ್ರರೇ, ನಿಮ್ಮ ಹೆಸರೂ ಒಂದು ಅಂಕಿತ. ತಂದೆ ತಾಯಿ ಊರು ಬಿಟ್ಟು ಬಂದು, ಪರಭಾಷೆಯ ನಡುವೆ ದುಡಿದು ಉಳಿಸಿಕೊಂಡ ಒಳ್ಳೆಯ ಹೆಸರು ಅದರೊಂದಿಗೆ ಸೇರಿದೆ. ಒಂದು ಸಾಲನ್ನು "ಇದೇಕೆ ಹೀಗೆ?" ಎಂದು ಯಾರಾದರೂ ಕೇಳಿದಾಗ ಎದ್ದು ನಿಂತು ಉತ್ತರಿಸಬಲ್ಲಿರಾದರೆ ಮಾತ್ರ ಅದರ ಕೆಳಗೆ ನಿಮ್ಮ ಹೆಸರು ಹಾಕಿ. ಯಂತ್ರ ನಿಮ್ಮ ಕೈಕೆಳಗೆ ದುಡಿಯಲಿ, ನಿಮ್ಮ ಓದು ನಿಮ್ಮದಾಗಿಯೇ ಬೆಳೆಯಲಿ ಎಂದು ಮನಸಾರೆ ಹಾರೈಸುತ್ತೇನೆ.