ಗೊತ್ತಿದ್ದೂ ಎಡವುವ ನಡೆ

ಚೆಸ್ ಟೂರ್ನಿಯಲ್ಲಿ ಮಕ್ಕಳು ಸೋತು ಬಂದರೆ ಹಿರಿಯರು ಹೇಳುವ ಮಾತು ಒಂದೇ: ಇನ್ನೂ ಕಲಿಯಬೇಕಾದದ್ದು ಬಹಳ ಇದೆ. ಸೋಲಿಗೆ ಕಾರಣ ಅರಿವಿನ ಕೊರತೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಆದರೆ ಚೆಸ್‌ನ ಅತಿ ದೊಡ್ಡ ಎಡವಟ್ಟುಗಳನ್ನು ಮಾಡಿದವರು ಆಟವನ್ನು ಅರೆದು ಕುಡಿದವರೇ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಹಾಗೂ ಕೊನೆಯ ಪಂದ್ಯ ಡ್ರಾ ಕಡೆಗೆ ಸಾಗಿತ್ತು. 55ನೇ ನಡೆಯಲ್ಲಿ ಚಾಂಪಿಯನ್ ಡಿಂಗ್ ಲಿರೆನ್ ತಮ್ಮ ಆನೆಯನ್ನು ಡಿ. ಗುಕೇಶ್ ಅವರ ಆನೆಯ ಎದುರಿಗೆ ತಂದಿಟ್ಟರು. ಡಿಂಗ್ ಅವರ ಒಂಟೆ ಹಲಗೆಯ ಮೂಲೆಯಲ್ಲಿತ್ತು. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಅದಕ್ಕೆ ಅಡ್ಡ ಹಾಕಿದರು, ಅದಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಉಳಿಯಲಿಲ್ಲ. ಒಂಟೆಗಳೂ ಹೋದವು. ರಾಜರು ಮತ್ತು ಕಾಲಾಳುಗಳಷ್ಟೇ ಉಳಿದ ಆಟದಲ್ಲಿ ಒಂದು ಕಾಲಾಳು ಹೆಚ್ಚಿದ್ದ ಗುಕೇಶ್ ಗೆದ್ದು, 7.5–6.5 ಅಂಕಗಳಿಂದ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ಅಂಥ ಅಂತ್ಯದಾಟ ಚೆನ್ನಾಗಿ ಕಲಿತ ಶಾಲಾ ಬಾಲಕನಿಗೂ ತಿಳಿದಿರುತ್ತದೆ, ಡಿಂಗ್ ಅವರಿಗೆ ತಿಳಿಯದಿರಲು ಸಾಧ್ಯವಿಲ್ಲ. ತಪ್ಪಾದದ್ದು ಪರಿಶೀಲನೆಯಲ್ಲಿ. ದಿನವೂ ದಾಟುವ ಹೊಸ್ತಿಲಲ್ಲೇ ಕಾಲು ತಾಗುವಂತೆ, ದೊಡ್ಡ ಆಟಗಾರರು ಎಡವುವುದು ತಮಗೆ ಖಚಿತವೆನಿಸಿದ ಜಾಗದಲ್ಲೇ.

ಇದಕ್ಕೆ ಇನ್ನೂ ಬಲವಾದ ಸಾಕ್ಷಿ ಎದುರಾಳಿಯ ಕಡೆಯಿಂದ ಸಿಗುತ್ತದೆ. 2014ರ ನವೆಂಬರ್‌ನಲ್ಲಿ ರಷ್ಯಾದ ಸೋಚಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 6ನೇ ಪಂದ್ಯದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ 26ನೇ ನಡೆಯಾಗಿ ರಾಜನನ್ನು ಸರಿಸಿದರು. ಅದು ಘೋರ ತಪ್ಪು. ವಿಶ್ವನಾಥನ್ ಆನಂದ್ ತಮ್ಮ ಕುದುರೆಯಿಂದ ಹಲಗೆಯ ನಡುವಿನ ಕಾಲಾಳನ್ನು ಹೊಡೆದಿದ್ದರೆ ಆಟದ ದಿಕ್ಕೇ ಬದಲಾಗುತ್ತಿತ್ತು. ಅವರು ಬೇಗನೆ, ಹಲಗೆಯ ಅಂಚಿನ ಕಾಲಾಳನ್ನು ಮುಂದಕ್ಕೆ ತಳ್ಳಿದರು, ಕೊನೆಗೆ ಸೋತರು. ಎದುರಾಳಿಯಿಂದ ಉಡುಗೊರೆ ಬರಬಹುದೆಂಬ ನಿರೀಕ್ಷೆಯೇ ಇಲ್ಲದಾಗ ಬಂದ ಉಡುಗೊರೆಯೂ ಕಾಣುವುದಿಲ್ಲ ಎಂಬರ್ಥದ ಮಾತನ್ನು ಆನಂದ್ ಆಮೇಲೆ ಆಡಿದರು. ಸಿಂಗಪುರದಲ್ಲಿ ಗುಕೇಶ್ ಕೂಡ ಹೆಚ್ಚುಕಡಿಮೆ ಇದೇ ಸ್ಥಿತಿಯಲ್ಲಿದ್ದರು. ಡಿಂಗ್ ಅವರ ತಪ್ಪು ತಮಗೂ ಮೊದಲು ಹೊಳೆಯಲಿಲ್ಲ, ಬೇರೊಂದು ನಡೆ ಆಡುವುದರಲ್ಲಿದ್ದೆ, ಆಗ ಒಂಟೆ ಸಿಕ್ಕಿಬೀಳುವುದು ಕಂಡಿತು ಎಂದು ಅವರೇ ಹೇಳಿದ್ದಾರೆ. ಆನಂದ್ ಅವರಿಗಿಂತ ಗುಕೇಶ್ ಹೆಚ್ಚು ಬಲ್ಲವರಾಗಿದ್ದರು ಎಂದು ಯಾರೂ ಹೇಳಲಾರರು. ಒಬ್ಬರು ಮೊದಲೇ ಯೋಚಿಸಿಟ್ಟ ನಡೆಯನ್ನು ಆಡಿದರು, ಇನ್ನೊಬ್ಬರು ಹಲಗೆಯನ್ನು ಹೊಸದಾಗಿ ಮತ್ತೊಮ್ಮೆ ನೋಡಿದರು. ಫಲ ಬೇರೆಯಾದದ್ದು ಇಷ್ಟರಿಂದಲೇ.

ಇವೆಲ್ಲ ಗಡಿಯಾರದ ಒತ್ತಡದ, ದಣಿವಿನ ಫಲವಲ್ಲವೇ ಎಂದು ಕೇಳಬಹುದು. ಪ್ರಶ್ನೆಯಲ್ಲಿ ಹುರುಳಿದೆ. ಸಿಂಗಪುರದಲ್ಲಿ ಡಿಂಗ್ ಅವರ ಬಳಿ ಉಳಿದಿದ್ದ ಸಮಯ ಗುಕೇಶ್ ಅವರದಕ್ಕಿಂತ ತೀರ ಕಡಿಮೆ. ಆದರೆ ಸಮಯ ಸಾಕಷ್ಟಿದ್ದೂ ಎಡವಿದವರಿದ್ದಾರೆ. 2006ರಲ್ಲಿ ಜರ್ಮನಿಯ ಬಾನ್‌ನಲ್ಲಿ ಡೀಪ್ ಫ್ರಿಟ್ಜ್ ಕಂಪ್ಯೂಟರ್ ವಿರುದ್ಧದ ಎರಡನೇ ಪಂದ್ಯದಲ್ಲಿ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ರಾಣಿಯನ್ನು ನಡೆಸಿದ ಮರುಕ್ಷಣವೇ ಕಂಪ್ಯೂಟರ್ ಒಂದೇ ನಡೆಯಲ್ಲಿ ಶಹಮಾತ್ ಕೊಟ್ಟಿತು. ಅವರಿಗೆ ಸಮಯದ ಅಭಾವ ಇರಲಿಲ್ಲ. ಮುಂದಿನ ನಡೆಗಳ ಲೆಕ್ಕವನ್ನು ಅವರು ಆಳಕ್ಕೆ ಮಾಡಿದ್ದರು, ಆ ಲೆಕ್ಕದ ಬುಡದಲ್ಲೇ ಶಹಮಾತ್ ಬಿಟ್ಟುಹೋಗಿತ್ತು. ಹಾಗಾಗಿ ದಣಿವು, ಗಡಿಯಾರ ತಪ್ಪಿಗೆ ನೆಲ ಹದ ಮಾಡುತ್ತವೆ. ಬೀಜ ಮಾತ್ರ, ಇದನ್ನು ಆಗಲೇ ನೋಡಿಯಾಗಿದೆ ಎಂಬ ನೆಮ್ಮದಿ.

ಎರಡನೇ ಆಕ್ಷೇಪ ಹೊಸ ಕಾಲದ್ದು. ಇಂದು ಮೊಬೈಲಿನಲ್ಲಿರುವ ಚೆಸ್ ಎಂಜಿನ್ ಚಾಂಪಿಯನ್ನರ ಆಟದಲ್ಲೂ ಪುಟಗಟ್ಟಲೆ ತಪ್ಪು ತೋರಿಸುತ್ತದೆ, ಎಲ್ಲವೂ ತಪ್ಪೇ ಆದಮೇಲೆ ಒಂದೆರಡನ್ನು ಹಿಡಿದು ವಾದ ಕಟ್ಟುವುದೇಕೆ? ಉತ್ತರ ಕಷ್ಟದ್ದಲ್ಲ. ಎಂಜಿನ್ ತೋರಿಸುವ ಬಹುಪಾಲು ದೋಷಗಳು ಮನುಷ್ಯನ ಲೆಕ್ಕಕ್ಕೆ ನಿಲುಕದ ಸೂಕ್ಷ್ಮಗಳು, ಅವಕ್ಕಾಗಿ ಯಾರನ್ನೂ ದೂರುವಂತಿಲ್ಲ. ಇಲ್ಲಿನ ಮಾತು, ಆಡಿದವರಿಗೇ ಮರುಗಳಿಗೆ ತಪ್ಪೆಂದು ತಿಳಿಯುವ ನಡೆಗಳದ್ದು. ತಿಳಿದ ತಪ್ಪನ್ನು ಕೂಡಲೇ ತಿದ್ದಬಹುದಾದ ಆಟವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಬಾರಿ ನಿಲ್ಲಿಸಿ ಹಾಯಿಸುವ ಕುದುರೆ ನಡಿಗೆಯ ಚಿತ್ರಗಳನ್ನು ರಚಿಸಿದವರು. ಆ ವಿನೋದದಲ್ಲಿ ಎದುರಾಳಿಯಿಲ್ಲ, ತಾಳ್ಮೆಯೊಂದಿದ್ದರೆ ತಪ್ಪನ್ನು ಅಳಿಸಿ ಮತ್ತೆ ಬರೆಯಬಹುದು. ಟೂರ್ನಿಯಲ್ಲಿ ಆ ಸೌಕರ್ಯವಿಲ್ಲ. ಆಡುವ ಉದ್ದೇಶದಿಂದ ಕಾಯಿ ಮುಟ್ಟಿದರೆ ಅದನ್ನೇ ಆಡಬೇಕು. ನಡೆಯನ್ನು ಮೊದಲು ಬರೆದುಕೊಂಡು, ಇನ್ನೊಮ್ಮೆ ಯೋಚಿಸಿ ಆಮೇಲೆ ಆಡುವ ಹಳೆಯ ಅಭ್ಯಾಸಕ್ಕೂ ಈಗಿನ ನಿಯಮದಲ್ಲಿ ಅವಕಾಶವಿಲ್ಲ, ಆಡಿದ ಮೇಲೇ ಬರೆಯಬೇಕು. ಹೀಗಾಗಿ ಮರುಪರಿಶೀಲನೆ ಪೂರ್ತಿ ಮನಸ್ಸಿನೊಳಗೇ ನಡೆಯಬೇಕಾದ ಕೆಲಸ.

ಮುಧೋಳ ತಾಲ್ಲೂಕಿನ ಲೋಕಾಪುರದಂಥ ಊರಿಗೆ ಇದರಿಂದೇನು ಎಂಬುದು ಮೂರನೇ ಪ್ರಶ್ನೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್. 2017ರಲ್ಲಿ, ಅಂದರೆ ಆನಂದ್ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ 29 ವರ್ಷಗಳ ಮೇಲೆ, ಅವರಿಗೆ ಆ ಪಟ್ಟ ಸಿಕ್ಕಿತು. ಆಮೇಲೆ ಶಿವಮೊಗ್ಗದ ಜಿ.ಎ. ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್ ಬಂದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆಗಿ ಅದೇ ಹೊತ್ತಿಗೆ ಗ್ರ್ಯಾಂಡ್‌ಮಾಸ್ಟರ್ ಕೂಡ ಆದರು. ಈ ನಾಲ್ವರಲ್ಲಿ ಮುಧೋಳದ ಕಡೆಯವರು ಒಬ್ಬರೂ ಇಲ್ಲ. ತರಬೇತುದಾರರಿಲ್ಲದ ಕಡೆ ಕೊರತೆ ಅರಿವಿನದೇ ಅಲ್ಲವೇ ಎಂದರೆ, ಆರಂಭದ ಮಟ್ಟಿಗೆ ಹೌದು. ನೆರೆರಾಜ್ಯದ ಸಾಂಗ್ಲಿಯಲ್ಲಿ ನೂತನ ಬುದ್ಧಿಬಳ ಮಂಡಳ ದಶಕಗಳಿಂದ ಟೂರ್ನಿ ನಡೆಸುತ್ತ ಬಂದದ್ದರ ಫಲ ಅಲ್ಲಿನ ಆಟಗಾರರಲ್ಲಿ ಕಂಡಿದೆ. ಆದರೆ ಓಪನಿಂಗ್‌ಗಳ ಪಾಠ ಈಗ ಮೊಬೈಲಿನಲ್ಲೇ ಸಿಗುತ್ತದೆ. ಸಿಗದಿರುವುದು ಸ್ವಂತ ತಪ್ಪಿನ ದಾಖಲೆ.

ಒಂದೇ ದಿನದಲ್ಲಿ ಮುಗಿಯುವ ಸ್ಥಳೀಯ ಟೂರ್ನಿಗಳು ಸಾಮಾನ್ಯವಾಗಿ ರ‍್ಯಾಪಿಡ್ ಮಾದರಿಯವು, ಅಲ್ಲಿ ನಡೆ ಬರೆದುಕೊಳ್ಳುವ ಕಡ್ಡಾಯವಿಲ್ಲ. ಸೋತ ಹುಡುಗಿಗೆ ತಾನು ಸೋತದ್ದು ಗೊತ್ತು, ಎಲ್ಲಿ ನೋಡುವುದನ್ನು ನಿಲ್ಲಿಸಿದೆ ಎಂಬುದು ಗೊತ್ತಾಗುವುದಿಲ್ಲ. ಅಂಥ ಟೂರ್ನಿಯಲ್ಲಿ ಒಂದು ಸುತ್ತನ್ನಾದರೂ ಹೆಚ್ಚು ಸಮಯ ಕೊಟ್ಟು, ಸ್ಕೋರ್‌ಶೀಟ್ ಬರೆಸಿ ಆಡಿಸಿದರೆ ಖರ್ಚು ಕಾಗದದ್ದಷ್ಟೇ. ಆಮೇಲೆ ಆ ಹಾಳೆಯಲ್ಲಿ ಸೋಲು ಶುರುವಾದ ನಡೆಯನ್ನು ಮಕ್ಕಳೇ ಹುಡುಕಲಿ, ಎದುರಾಳಿ ಏನು ಮಾಡಬಹುದು ಎಂದು ಆ ನಡೆಗೆ ಮೊದಲು ಕೇಳಿಕೊಂಡಿದ್ದರೇ ಎಂದು ಶಿಕ್ಷಕರು ವಿಚಾರಿಸಲಿ. ಆನಂದ್, ಕ್ರಾಮ್ನಿಕ್, ಡಿಂಗ್ ಅವರ ತಪ್ಪುಗಳು ಇಂದಿಗೂ ಪಾಠವಾಗಿರುವುದು ಅವು ಬರಹದಲ್ಲಿ ಉಳಿದಿರುವುದರಿಂದ. ಊರಿನ ಮಕ್ಕಳ ತಪ್ಪುಗಳಿಗೂ ಅಷ್ಟು ಬೆಲೆ ಸಿಗಬೇಕು.