ನೀರಿನ ಬಿಲ್ಲು ಹಠಾತ್ತನೆ ಏರಿದಾಗ ಪರಿಶೀಲಿಸಬೇಕಾದ ಅಂಶಗಳು

ಜಲ ಜೀವನ್ ಮಿಷನ್ ಮಾನದಂಡದಂತೆ ತಲಾ ದಿನಕ್ಕೆ 55 ಲೀಟರ್ ಎಂದರೆ, ಐವರ ಕುಟುಂಬಕ್ಕೆ 30 ದಿನಗಳಲ್ಲಿ 8,250 ಲೀಟರ್ ಆಗುತ್ತದೆ. ಮನೆಯ ತೊಟ್ಟಿಯಿಂದ ಗಂಟೆಗೆ 10 ಲೀಟರ್ ಸೋರಿದರೆ ಅದೇ ಅವಧಿಯಲ್ಲಿ 7,200 ಲೀಟರ್ ವ್ಯರ್ಥವಾಗುತ್ತದೆ. ಬಳಕೆ ಹೆಚ್ಚದಿದ್ದರೂ ಮೀಟರ್ ಲೆಕ್ಕ ಬಹುತೇಕ ದ್ವಿಗುಣಗೊಳ್ಳುತ್ತದೆ.

ಆದುದರಿಂದ ದೂರು ಬಂದಾಗ ಸದಸ್ಯರು ಮೊದಲು ಬಿಲ್ಲಿನ ಅಂಕಿಗಳನ್ನು ಮೀಟರಿನೊಂದಿಗೆ ತಾಳೆ ನೋಡುವುದು. ಹಳೆಯ ಬಾಕಿ ಅಥವಾ ಎರಡು ತಿಂಗಳ ಬಳಕೆ ಒಟ್ಟಾಗಿ ಸೇರಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಅನಂತರ, ನೀರು ಸರಬರಾಜಾಗುವ ವೇಳೆಯಲ್ಲಿಯೇ ಎಲ್ಲ ನಲ್ಲಿಗಳನ್ನೂ ತೊಟ್ಟಿಯ ಒಳಹರಿವನ್ನೂ ಮುಚ್ಚಿಸುವುದು. ಆಗಲೂ ಮೀಟರ್ ತಿರುಗಿದರೆ ಮೀಟರಿನಿಂದ ಮುಂದಿನ ಕೊಳವೆಯಲ್ಲಿ ಸೋರಿಕೆಯಿದೆ. ತಿರುಗದಿದ್ದಲ್ಲಿ ತೊಟ್ಟಿಯ ನೀರಿನ ಮಟ್ಟವನ್ನು ರಾತ್ರಿ ಗುರುತಿಸಿ, ಬೆಳಿಗ್ಗೆ ಬಳಕೆಗೆ ಮುನ್ನ ನೋಡುವುದು.

ಈ ಪರಿಶೀಲನೆ ಮುಗಿಯುವ ಮುನ್ನ ಸಂಪರ್ಕ ಕಡಿತಗೊಳಿಸುವುದು ನ್ಯಾಯವಲ್ಲ.